ನ್ಯಾಯಮೂರ್ತಿ ಗಜೇಂದ್ರಗಡಕರರು

ಅಡ್ಡಹೆಸರಿನಿಂದಲೇ ಮೂಲಸ್ಥಾನವನ್ನು ತಿಳಿಯಬಹುದಾದ ಮನೆತನಗಳು ನಮ್ಮ ಸೀಮೆಯಲ್ಲಿ ಬಹಳವಾಗಿವೆ. ಹಿರಿಯರು ಬಿಟ್ಟುಬಂದ ಊರಿನ ಹೆಸರಿಗೆ ‘ಕರ’ ಎಂಬ ಪ್ರತ್ಯಯವನ್ನು ಸೇರಿಸಿ ಮಕ್ಕಳು ಮೊಮ್ಮಕ್ಕಳು ಅದನ್ನು ಹೊತ್ತು ನಡೆಯುತ್ತಾರೆ. ಭಾಷೆ ಬದಲಾಗಬಹುದು, ಮನೆ ಬದಲಾಗಬಹುದು; ಆದರೆ ಊರಿನ ಹೆಸರು ಉಳಿಯುತ್ತದೆ. ಸಾತಾರೆಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳಗಿ, ದಿಲ್ಲಿಯಲ್ಲಿ ಭಾರತದ ಮುಖ್ಯ ನ್ಯಾಯಾಧೀಶರ ಪೀಠವನ್ನು ಅಲಂಕರಿಸಿದ ಪ್ರಹ್ಲಾದ ಬಾಳಾಚಾರ್ಯ ಗಜೇಂದ್ರಗಡಕರರ ಹೆಸರಿನಲ್ಲಿ ಹಾಗೆ ಉಳಿದುಕೊಂಡ ಊರು ಕರ್ನಾಟಕದ ಗಜೇಂದ್ರಗಡ. ಕೋಟೆಯಿಂದಲೂ ಕಾಲಕಾಲೇಶ್ವರನ ಗುಡಿಯಿಂದಲೂ ನೇಕಾರರ ಮಗ್ಗಗಳಿಂದಲೂ ಹೆಸರಾದ ಆ ಊರು ಹಿಂದೆ ಧಾರವಾಡ ಜಿಲ್ಲೆಯಲ್ಲಿತ್ತು. 1997ರಿಂದ ಗದಗ ಜಿಲ್ಲೆಗೆ ಸೇರಿದೆ.

ಕಳಂಬೋಲಿಯ ಕನ್ನಡ ಮಕ್ಕಳಾದ ನಮಗೆ ಈ ಮಹನೀಯರ ಚರಿತ್ರೆ ಎರಡು ಕಾರಣಗಳಿಂದ ಹತ್ತಿರದ್ದಾಗಿದೆ. ನಮ್ಮ ಹಿರಿಯರಂತೆಯೇ ಅವರ ಹಿರಿಯರೂ ಕನ್ನಡ ನಾಡನ್ನು ಬಿಟ್ಟು ಈ ಕಡೆಗೆ ಬಂದವರು ಎಂಬುದು ಮೊದಲನೆಯದು. ಎರಡನೆಯದು ಅದಕ್ಕಿಂತ ಮುಖ್ಯವಾದುದು. ನಮ್ಮ ಊರಿನ ಕಬ್ಬಿಣ ಮತ್ತು ಉಕ್ಕಿನ ಮಾರುಕಟ್ಟೆಯನ್ನು ನೀವೆಲ್ಲರೂ ಬಲ್ಲಿರಿ. ಮುಂಬಯಿಯ ಇಕ್ಕಟ್ಟಿನಿಂದ ಇಲ್ಲಿಗೆ ಬಂದು ನೆಲೆಸಿದ ಆ ಮಾರುಕಟ್ಟೆಯಲ್ಲಿ ಬೆಳಗಾಗುತ್ತಲೇ ಲಾರಿಗಳ ಸಾಲು ನಿಲ್ಲುತ್ತದೆ. ಸರಳುಗಳನ್ನೂ ತಗಡುಗಳನ್ನೂ ಏರಿಸುವ ಇಳಿಸುವ ಕೆಲಸ ನಡೆಯುತ್ತದೆ. ಅಲ್ಲಿ ದುಡಿಯುವವನಿಗೆ ಕೂಲಿಯನ್ನು ಕೊಡಬೇಕಾದವರು ಯಾರು, ಎಷ್ಟು ಕೊಡಬೇಕು, ಕೆಲಸದಿಂದ ತೆಗೆದರೆ ಆತನಿಗೆ ಏನು ಸಲ್ಲಬೇಕು, ಆತನಿಗೂ ಧಣಿಗೂ ಜಗಳ ಬಂದರೆ ತೀರಿಸುವವರು ಯಾರು? ಇಂತಹ ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲಿಯೇ ಗಜೇಂದ್ರಗಡಕರರು ತಮ್ಮ ಆಯುಷ್ಯದ ಉತ್ತಮ ಭಾಗವನ್ನು ಸವೆಸಿದರು. ಮೊದಲು ನ್ಯಾಯಾಧೀಶರಾಗಿ, ಬಳಿಕ ಭಾರತ ಸರಕಾರದ ಕಾರ್ಮಿಕ ಆಯೋಗದ ಅಧ್ಯಕ್ಷರಾಗಿ ಅವರು ಮಾಡಿದ ಕೆಲಸ ದೇಶದ ದುಡಿಮೆಗಾರರ ಬದುಕನ್ನು ಮುಟ್ಟಿತು.

ಗಜೇಂದ್ರಗಡಕರರು 1901ನೆಯ ಇಸವಿಯ ಮಾರ್ಚ್ 16ರಂದು ಸಾತಾರೆಯಲ್ಲಿ ಜನಿಸಿದರು. ತಂದೆ ಬಾಳಾಚಾರ್ಯರು ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ಸಂಪತ್ತಿಗಿಂತ ಶಾಸ್ತ್ರಪಾಠಕ್ಕೆ ಹೆಚ್ಚಿನ ಮನ್ನಣೆ. ಅವರ ಸಹೋದರರಾದ ಅಶ್ವತ್ಥಾಮಾಚಾರ್ಯರೂ ಮುಂದೆ ಮುಂಬಯಿಯಲ್ಲಿ ಸಂಸ್ಕೃತ ಪಂಡಿತರೆಂದು ಕೀರ್ತಿವಂತರಾದರು. ಸಾತಾರೆಯ ಪ್ರೌಢಶಾಲೆಯಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿದ ಬಾಲಕ ಪ್ರಹ್ಲಾದನು 1918ರಲ್ಲಿ ಹಿರಿಯರ ನಾಡಿಗೇ ಮರಳಿ ಬಂದನು. ಅದರ ಹಿಂದಿನ ವರ್ಷವಷ್ಟೇ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾಗಿದ್ದಿತು. ಉಚ್ಚ ಶಿಕ್ಷಣಕ್ಕಾಗಿ ಪುಣೆಗೋ ಮುಂಬಯಿಗೋ ಹೋಗಬೇಕಾಗಿದ್ದ ಆ ಕಾಲದಲ್ಲಿ ಕನ್ನಡಿಗರ ಪಾಲಿಗೆ ಅದೊಂದು ದೊಡ್ಡ ಭಾಗ್ಯವೆನಿಸಿತ್ತು. ಆ ಹೊಸ ಕಾಲೇಜಿನ ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರಾಗಿ ಗಜೇಂದ್ರಗಡಕರರು 1920ರ ವರೆಗೆ ಅಲ್ಲಿ ಅಧ್ಯಯನ ಮಾಡಿದರು. ಅನಂತರ ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿ 1924ರಲ್ಲಿ ಎಂ.ಎ. ಪದವಿಯನ್ನೂ, 1926ರಲ್ಲಿ ಪುಣೆಯ ಕಾನೂನು ಕಾಲೇಜಿನಿಂದ ಎಲ್‌ಎಲ್.ಬಿ. ಪದವಿಯನ್ನೂ ಸಂಪಾದಿಸಿದರು.

ಅದೇ ವರ್ಷ ಅವರು ಮುಂಬಯಿ ಉಚ್ಚ ನ್ಯಾಯಾಲಯದ ಅಪೀಲು ವಿಭಾಗದಲ್ಲಿ ವಕೀಲಿಯನ್ನು ಆರಂಭಿಸಿದರು. ಹೊಸ ವಕೀಲನಿಗೆ ಕಕ್ಷಿಗಾರರು ಕೂಡಲೆ ಬರುವುದಿಲ್ಲ. ಬಿಡುವಿನ ಆ ಕಾಲವನ್ನು ಅವರು ವ್ಯರ್ಥವಾಗಿ ಕಳೆಯದೆ ತಂದೆಯಿಂದ ಬಂದ ಸಂಸ್ಕೃತಜ್ಞಾನವನ್ನು ಕಾನೂನಿನ ವ್ಯಾಸಂಗಕ್ಕೆ ಉಪಯೋಗಿಸಿದರು. ಹಿಂದೂ ಕಾನೂನಿಗೆ ಮೀಸಲಾದ ತ್ರೈಮಾಸಿಕವೊಂದನ್ನು ಸಂಪಾದಿಸಿದರು. ದತ್ತಕ ವಿಷಯವನ್ನು ಕುರಿತು ನಂದಪಂಡಿತನು ರಚಿಸಿದ ‘ದತ್ತಕ ಮೀಮಾಂಸಾ’ ಎಂಬ ಗ್ರಂಥವನ್ನು ಶೋಧಿಸಿ ಪ್ರಕಟಿಸಿದರು. ಇದರಿಂದ ಅವರ ವಿದ್ವತ್ತಿನ ಖ್ಯಾತಿ ಹಬ್ಬಿತು, ವಕೀಲಿಯೂ ಬೆಳೆಯಿತು. 1945ರಲ್ಲಿ ಅವರು ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ ನೇಮಕ ಹೊಂದಿದರು.

ಶಾಸ್ತ್ರವನ್ನು ಬಲ್ಲವರು ಹಳೆಯದನ್ನೇ ಹಿಡಿದು ಕುಳಿತಿರುತ್ತಾರೆಂಬ ಭಾವನೆ ಸಾಮಾನ್ಯವಾಗಿದೆ. ಗಜೇಂದ್ರಗಡಕರರ ವಿಷಯದಲ್ಲಿ ಅದು ಸುಳ್ಳಾಯಿತು. ಹಿಂದೂ ಪುರುಷನು ಒಬ್ಬಳು ಹೆಂಡತಿ ಇರುವಾಗ ಮತ್ತೊಬ್ಬಳನ್ನು ಮದುವೆಯಾಗುವುದನ್ನು ನಿಷೇಧಿಸಿ ಮುಂಬಯಿ ಪ್ರಾಂತ್ಯವು 1946ರಲ್ಲಿ ಒಂದು ಕಾಯಿದೆಯನ್ನು ಮಾಡಿತ್ತು. ಅದು ಧರ್ಮಕ್ಕೆ ವಿರುದ್ಧವೆಂಬ ವಾದ ನ್ಯಾಯಾಲಯದ ಮುಂದೆ ಬಂದಾಗ, 1951ರಲ್ಲಿ ಮುಖ್ಯ ನ್ಯಾಯಾಧೀಶರಾದ ಛಾಗಲಾ ಅವರೂ ಗಜೇಂದ್ರಗಡಕರರೂ ಕೂಡಿ ಆ ಕಾಯಿದೆಯನ್ನು ಎತ್ತಿಹಿಡಿದರು. ಜಾತಿಭೇದ, ಅಸ್ಪೃಶ್ಯತೆ, ಮೂಢನಂಬಿಕೆಗಳ ನಿವಾರಣೆಗಾಗಿ ಅವರು ಕಡೆಯ ವರೆಗೂ ಶ್ರಮಿಸಿದರು. ಸಾಮಾಜಿಕ ಸುಧಾರಣಾ ಪರಿಷತ್ತಿಗೆ ಎರಡು ಬಾರಿ ಅಧ್ಯಕ್ಷರಾದರು.

ಇನ್ನು ಕಾರ್ಮಿಕರ ವಿಷಯಕ್ಕೆ ಬರೋಣ. ಗಜೇಂದ್ರಗಡಕರರು ನ್ಯಾಯಪೀಠವನ್ನೇರಿದ ಕಾಲದಲ್ಲಿ ಮುಂಬಯಿಯ ಗಿರಣಿಗಳಲ್ಲಿ ಲಕ್ಷಾಂತರ ಜನ ದುಡಿಯುತ್ತಿದ್ದರು. ಎರಡನೆಯ ಮಹಾಯುದ್ಧದ ಬೆಲೆಯೇರಿಕೆಯಿಂದ ಸಂಸಾರ ಸಾಗಿಸುವುದು ದುಸ್ತರವಾಗಿತ್ತು. ಮುಷ್ಕರ, ಬಾಗಿಲು ಮುಚ್ಚುವಿಕೆಗಳು ದಿನದಿನದ ಮಾತಾಗಿದ್ದವು. 1947ರಲ್ಲಿ ಜಾರಿಗೆ ಬಂದ ಕೈಗಾರಿಕಾ ವಿವಾದಗಳ ಕಾಯಿದೆಯು ಇದಕ್ಕೊಂದು ಮಾರ್ಗವನ್ನು ತೋರಿತು. ಧಣಿಗೂ ಕೆಲಸಗಾರರಿಗೂ ಮನಸ್ತಾಪ ಬಂದರೆ ಮೊದಲು ಸರಕಾರದ ಸಂಧಾನಾಧಿಕಾರಿಯು ಇಬ್ಬರನ್ನೂ ಕೂರಿಸಿ ಮಾತನಾಡಿಸಬೇಕು. ಅದರಿಂದ ಫಲವಾಗದಿದ್ದರೆ ಸರಕಾರವು ವಿವಾದವನ್ನು ನ್ಯಾಯಮಂಡಳಿಗೆ ಒಪ್ಪಿಸಬಹುದು. ಮಂಡಳಿಯ ತೀರ್ಪು ಇಬ್ಬರಿಗೂ ಬಂಧಕ. ಮಾರ್ಗವೇನೋ ಸಿಕ್ಕಿತು, ಆದರೆ ಆ ಮಾರ್ಗದಲ್ಲಿ ನಡೆಯುವವರಿಗೆ ಬೇಕಾದ ತತ್ತ್ವಗಳು ಇನ್ನೂ ರೂಪುಗೊಂಡಿರಲಿಲ್ಲ. ನ್ಯಾಯವಾದ ಕೂಲಿ ಯಾವುದೆಂಬುದನ್ನು ಯಾವ ಕಾಯಿದೆಯೂ ರೂಪಾಯಿ ಆಣೆಗಳಲ್ಲಿ ಬರೆದಿಡಲಾರದಷ್ಟೆ.

ಗಜೇಂದ್ರಗಡಕರರಿಗೆ ಈ ಕ್ಷೇತ್ರದಲ್ಲಿ ದೊಡ್ಡ ಪರೀಕ್ಷೆಯಾಗಿ ಬಂದುದು ಬ್ಯಾಂಕು ನೌಕರರ ವಿವಾದ. ಸಂಬಳ ಭತ್ಯೆಗಳಿಗಾಗಿ ದೇಶದ ಬ್ಯಾಂಕು ನೌಕರರು ವರ್ಷಗಟ್ಟಲೆ ಹೋರಾಡುತ್ತಿದ್ದರು. ಮೊದಲನೆಯ ನ್ಯಾಯಮಂಡಳಿಯ ತೀರ್ಪು ಮಂಡಳಿಯ ರಚನೆಯಲ್ಲಿದ್ದ ದೋಷದಿಂದಾಗಿ 1951ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಶಾಸ್ತ್ರಿ ನ್ಯಾಯಮಂಡಳಿಯು 1953ರಲ್ಲಿ ಹೊಸ ತೀರ್ಪನ್ನು ಕೊಟ್ಟಿತು. ಮೇಲ್ಮನವಿಯ ಕಾರ್ಮಿಕ ನ್ಯಾಯಮಂಡಳಿಯು 1954ರಲ್ಲಿ ಅದನ್ನು ತಿದ್ದಿತು. ನೌಕರರಿಗೆ ಇನ್ನೇನು ಫಲ ಕೈಗೆ ಬಂದಿತೆನ್ನುವಷ್ಟರಲ್ಲಿ ಕೇಂದ್ರ ಸರಕಾರವೇ 1954ರ ಆಗಸ್ಟಿನಲ್ಲಿ ಆ ತೀರ್ಮಾನವನ್ನು ಬದಲಿಸಿತು. ಅಂದಿನ ಕೇಂದ್ರ ಕಾರ್ಮಿಕ ಮಂತ್ರಿಗಳಾದ ವಿ.ವಿ. ಗಿರಿಯವರು ಇದನ್ನು ಒಪ್ಪದೆ ತಮ್ಮ ಪದವಿಗೇ ರಾಜೀನಾಮೆಯನ್ನಿತ್ತರು. ನ್ಯಾಯಮಂಡಳಿಗೆ ಒಪ್ಪಿಸಿದ ಮೇಲೆ ಅದರ ಮಾತನ್ನು ಸರಕಾರವು ಮೀರಬಹುದೆ ಎಂಬ ಪ್ರಶ್ನೆ ದೇಶದ ತುಂಬ ಎದ್ದಿತು.

ಆಗ ಸರಕಾರವು ಒಂದು ಬ್ಯಾಂಕು ತೀರ್ಪಿನ ಆಯೋಗವನ್ನು ನೇಮಿಸಿತು. ಅದಕ್ಕೆ ಮೊದಲು ನಿಯುಕ್ತರಾದ ನ್ಯಾಯಮೂರ್ತಿ ರಾಜಾಧ್ಯಕ್ಷರು ಕೆಲಸದ ನಡುವೆಯೇ ನಿಧನ ಹೊಂದಿದುದರಿಂದ ಆ ಭಾರ ಗಜೇಂದ್ರಗಡಕರರ ಮೇಲೆ ಬಿದ್ದಿತು. ಒಂದು ಕಡೆಗೆ, ಸಂಬಳ ಹೆಚ್ಚಿದರೆ ಸಣ್ಣ ಬ್ಯಾಂಕುಗಳು ಮುಚ್ಚಿಹೋಗಬಹುದೆಂಬ ಭಯ. ಮತ್ತೊಂದು ಕಡೆಗೆ, ಕೊಟ್ಟ ಮಾತು ಮುರಿದುದೆಂಬ ನೌಕರರ ಕ್ರೋಧ. ಅವರು ಎರಡನ್ನೂ ತೂಗಿ ನೋಡಿ 1955ರಲ್ಲಿ ವರದಿಯನ್ನೊಪ್ಪಿಸಿದರು. ಮೇಲ್ಮನವಿ ಮಂಡಳಿಯ ತೀರ್ಮಾನವೇ, ಅವರು ಸೂಚಿಸಿದ ಮಾರ್ಪಾಡುಗಳೊಡನೆ, ನಡೆಯಬೇಕೆಂದು ಅದೇ ವರ್ಷ ಸಂಸತ್ತು ಕಾಯಿದೆಯನ್ನು ಮಾಡಿತು. ಮಂತ್ರಿಯೊಬ್ಬರನ್ನು ಬಲಿ ತೆಗೆದುಕೊಂಡ ವಿವಾದ ಹೀಗೆ ಕಾಯಿದೆಯ ಹಾದಿಯಲ್ಲಿ ಮುಗಿಯಿತು.

1956ರ ಜನವರಿಯಲ್ಲಿ ಗಜೇಂದ್ರಗಡಕರರು ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಅಲ್ಲಿ ಅವರು ಕಳೆದ ಹತ್ತು ವರ್ಷಗಳು ಭಾರತದ ಕಾರ್ಮಿಕ ನ್ಯಾಯವು ಆಕಾರ ತಳೆದ ವರ್ಷಗಳು. ಅವರು ಬರೆದ ಅನೇಕ ತೀರ್ಪುಗಳಲ್ಲಿ ಮೂರು ನಾಲ್ಕನ್ನಾದರೂ ನಾವು ತಿಳಿದುಕೊಳ್ಳುವುದು ಒಳಿತು.

ಮೊದಲನೆಯದು ಬೋನಸ್ಸಿನ ವಿಷಯ. ದೀಪಾವಳಿಯ ಸಮಯದಲ್ಲಿ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಬೋನಸ್ಸೆಂದರೆ ಧಣಿಯು ಸಂತೋಷದಿಂದ ಕೊಡುವ ಇನಾಮೇ, ಅಥವಾ ಕೆಲಸಗಾರನ ಹಕ್ಕೇ? ಮುಂಬಯಿಯ ಗಿರಣಿಗಳ ವಿವಾದದಲ್ಲಿ ಮೇಲ್ಮನವಿಯ ಕಾರ್ಮಿಕ ನ್ಯಾಯಮಂಡಳಿಯು 1950ರಲ್ಲಿ ಒಂದು ಲೆಕ್ಕದ ಸೂತ್ರವನ್ನು ಹಾಕಿಕೊಟ್ಟಿತ್ತು. 1959ರಲ್ಲಿ ಸಿಮೆಂಟು ಕಂಪನಿಯೊಂದರ ಮೊಕದ್ದಮೆಯಲ್ಲಿ ಗಜೇಂದ್ರಗಡಕರರು ಆ ಸೂತ್ರವನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಉದಾಹರಣೆಗೆ, ಒಂದು ಕಾರ್ಖಾನೆಗೆ ವರ್ಷದ ಕೊನೆಗೆ 10 ಲಕ್ಷ ರೂಪಾಯಿ ಲಾಭ ಬಂದಿತೆಂದು ಭಾವಿಸಿರಿ. ಅದರಲ್ಲಿ ಯಂತ್ರಗಳ ಸವಕಳಿಗೆ 2 ಲಕ್ಷ, ಆದಾಯ ತೆರಿಗೆಗೆ 3 ಲಕ್ಷ, ಹಾಕಿದ ಬಂಡವಾಳದ ಪ್ರತಿಫಲಕ್ಕೆ 1.5 ಲಕ್ಷ, ಹಳೆಯ ಯಂತ್ರಗಳ ಸ್ಥಾನದಲ್ಲಿ ಹೊಸದನ್ನು ತರುವ ನಿಧಿಗೆ 2 ಲಕ್ಷ, ಹೀಗೆ 8.5 ಲಕ್ಷವನ್ನು ಕಳೆದರೆ 1.5 ಲಕ್ಷ ಉಳಿಯುತ್ತದೆ. ಈ ಉಳಿಕೆಯಲ್ಲಿ ಕೆಲಸಗಾರರಿಗೆ ನ್ಯಾಯವಾದ ಪಾಲುಂಟು ಎಂಬುದೇ ಸೂತ್ರದ ತಿರುಳು. ಆದರೆ ಧಣಿಯು ಹೊಸ ಯಂತ್ರದ ನಿಧಿಗೆ 2 ಲಕ್ಷದ ಬದಲು 3.5 ಲಕ್ಷ ಬೇಕೆಂದರೆ ಉಳಿಕೆಯೇ ಶೂನ್ಯವಾಗುತ್ತದೆ! ಆದುದರಿಂದ ಅಂತಹ ಕೇಳಿಕೆಯನ್ನು ಬಾಯಿಮಾತಿನಲ್ಲಿ ಒಪ್ಪಲಾಗದು, ಯಂತ್ರದ ಬೆಲೆಯನ್ನೂ ಆಯುಷ್ಯವನ್ನೂ ಧಣಿಯೇ ಸಾಕ್ಷ್ಯದಿಂದ ಸಿದ್ಧಪಡಿಸಬೇಕು ಎಂದು ಅವರು ನಿರ್ಣಯಿಸಿದರು. ಸೂತ್ರವನ್ನೇ ಬದಲಿಸಬೇಕೆಂದು ಕೆಲಸಗಾರರು ಕೇಳಿದುದನ್ನು ಮಾತ್ರ ಅವರು ಒಪ್ಪಲಿಲ್ಲ. ಅದು ಎಲ್ಲ ಪಕ್ಷಗಳನ್ನೂ ವಿಚಾರಿಸಬಲ್ಲ ಉನ್ನತ ಆಯೋಗದ ಕೆಲಸವೆಂದು ಸೂಚಿಸಿದರು. 1961ರಲ್ಲಿ ಬೋನಸ್ ಆಯೋಗವು ನೇಮಕವಾಯಿತು. 1965ರಲ್ಲಿ ಬೋನಸ್ ಸಂದಾಯದ ಕಾಯಿದೆಯೇ ಬಂದಿತು.

ಎರಡನೆಯದು ಮುಂಬಯಿಯ ಜೆ.ಜೆ. ಆಸ್ಪತ್ರೆಗಳ ಸಮೂಹಕ್ಕೆ ಸಂಬಂಧಿಸಿದುದು. ಅಲ್ಲಿನ ಇಬ್ಬರು ವಾರ್ಡು ಸೇವಕರನ್ನು 1954ರಲ್ಲಿ ಕೆಲಸದಿಂದ ತೆಗೆದು, ಸರಕಾರದ ಮತ್ತೊಂದು ಇಲಾಖೆಯಿಂದ ಬಿಡುಗಡೆಯಾದವರನ್ನು ಅವರ ಸ್ಥಳದಲ್ಲಿ ನಿಲ್ಲಿಸಲಾಯಿತು. ಕೆಲಸದಿಂದ ತೆಗೆಯುವಾಗ ಕೊಡಬೇಕಾದ ಪರಿಹಾರವನ್ನು ಅವರಿಗೆ ಕೊಟ್ಟಿರಲಿಲ್ಲ. ಆಸ್ಪತ್ರೆಯು ರೋಗಿಗಳ ಸೇವೆಗಾಗಿ ಇರುವಂತಹದು, ಲಾಭಕ್ಕಾಗಿ ನಡೆಯುವ ಕಾರ್ಖಾನೆಯಲ್ಲ, ಆದುದರಿಂದ ಕೈಗಾರಿಕಾ ಕಾಯಿದೆಯು ಇಲ್ಲಿ ಅನ್ವಯಿಸುವುದಿಲ್ಲವೆಂಬುದು ಸರಕಾರದ ವಾದ. ಪ್ರಕರಣವು ದಿಲ್ಲಿಯ ವರೆಗೂ ಹೋಯಿತು. ಕಸ ಗುಡಿಸಿ ರೋಗಿಗಳ ಶುಶ್ರೂಷೆ ಮಾಡುವ ಇಬ್ಬರು ಬಡವರು ಒಂದು ಕಡೆಗೆ, ಮುಂಬಯಿ ರಾಜ್ಯ ಸರಕಾರ ಇನ್ನೊಂದು ಕಡೆಗೆ! 1960ರ ಜನವರಿಯಲ್ಲಿ ಗಜೇಂದ್ರಗಡಕರರು ತೀರ್ಪನ್ನು ಹೇಳಿದರು. ನೌಕರರ ಸಹಾಯದಿಂದ, ವ್ಯವಸ್ಥಿತವಾಗಿ, ಜನರಿಗೆ ಸೇವೆಯನ್ನೊದಗಿಸುವ ಕಾರ್ಯವು ಕಾಯಿದೆಯ ದೃಷ್ಟಿಯಲ್ಲಿ ಉದ್ಯಮವೇ ಸರಿ. ಲಾಭದ ಉದ್ದೇಶವಿಲ್ಲವೆಂಬುದು ಕೆಲಸಗಾರನ ಹಕ್ಕನ್ನು ಕಸಿದುಕೊಳ್ಳಲಾರದು ಎಂಬುದು ಅದರ ಸಾರಾಂಶ. ಸರಕಾರದ ಅಪೀಲು ವಜಾ ಆಯಿತು. ಈ ತೀರ್ಪು 1970ರಲ್ಲಿ ಒಮ್ಮೆ ತಿರಸ್ಕೃತವಾದರೂ, 1978ರಲ್ಲಿ ಬೆಂಗಳೂರಿನ ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಾಧೀಶರ ಪೀಠವು ಅದನ್ನು ಮತ್ತೆ ಎತ್ತಿಹಿಡಿಯಿತು.

ಮೂರನೆಯದು ಗುತ್ತಿಗೆ ಕೆಲಸಗಾರರದು. ಮುಂಬಯಿಯಲ್ಲಿ ತೈಲವನ್ನು ಶುದ್ಧೀಕರಿಸುವ ಒಂದು ದೊಡ್ಡ ಕಾರ್ಖಾನೆಯಿತ್ತು. ಅದರೊಳಗಿನ ಶುಚಿ ಕಾರ್ಯವನ್ನು ಕಂಪನಿಯು ಗುತ್ತಿಗೆದಾರನಿಗೆ ವಹಿಸಿತ್ತು. ಕಂಪನಿಯ ಕೆಲಸಗಾರರಿಗಿದ್ದ ಅನುಕೂಲಗಳು ಗುತ್ತಿಗೆದಾರನ ಆಳುಗಳಿಗಿರಲಿಲ್ಲ. ಈ ಪದ್ಧತಿಯನ್ನು ನಿಲ್ಲಿಸಬೇಕೆಂದು ಕಂಪನಿಯ ಖಾಯಂ ಕೆಲಸಗಾರರೇ ಅವರ ಪರವಾಗಿ ವಿವಾದವನ್ನೆತ್ತಿದರೆಂಬುದು ಸ್ಮರಣೀಯವಾದ ಸಂಗತಿ. ಗಜೇಂದ್ರಗಡಕರರು ಸರಳವಾದ ಕೆಲವು ಪ್ರಶ್ನೆಗಳನ್ನು ಹಾಕಿಕೊಂಡರು. ಈ ಕೆಲಸ ಕಾರ್ಖಾನೆಯು ನಡೆಯಲು ಅವಶ್ಯವಾದುದೆ? ವರ್ಷವಿಡೀ ದಿನವೂ ನಡೆಯತಕ್ಕುದೆ? ಪೂರ್ಣಕಾಲದ ಆಳುಗಳನ್ನು ಇಟ್ಟುಕೊಳ್ಳುವಷ್ಟು ಇರುವುದೆ? ಬೇರೆ ಕಾರ್ಖಾನೆಗಳಲ್ಲಿ ಇದನ್ನು ಖಾಯಂ ಕೆಲಸಗಾರರೇ ಮಾಡುವರೆ? ಎಲ್ಲಕ್ಕೂ ಹೌದೆಂದು ಉತ್ತರ ಬಂದುದರಿಂದ, ಗುತ್ತಿಗೆಯನ್ನು ಕೊನೆಗಾಣಿಸಬೇಕೆಂದು ನ್ಯಾಯಮಂಡಳಿಯು ಕೊಟ್ಟ ಆಜ್ಞೆಯನ್ನು ಅವರು 1960ರಲ್ಲಿ ಕಾಯಂಗೊಳಿಸಿದರು. ಹತ್ತು ವರ್ಷಗಳ ಬಳಿಕ, 1970ರಲ್ಲಿ ಸಂಸತ್ತು ಗುತ್ತಿಗೆ ಕಾರ್ಮಿಕರ ಕಾಯಿದೆಯನ್ನು ಮಾಡಿದಾಗ ಇವೇ ಒರೆಗಲ್ಲುಗಳು ಆ ಕಾಯಿದೆಯೊಳಗೂ ಸೇರಿಕೊಂಡವು.

ಇದನ್ನೆಲ್ಲ ಓದಿದವರು, ಅವರು ಯಾವಾಗಲೂ ಕೆಲಸಗಾರರ ಪಕ್ಷವನ್ನೇ ಹಿಡಿಯುತ್ತಿದ್ದರೆಂದು ಭಾವಿಸಬಾರದು. ಕಾರ್ಖಾನೆಯು ದಿಟವಾಗಿಯೂ ದುರವಸ್ಥೆಗೆ ಇಳಿದಿದ್ದರೆ ಕೂಲಿಯ ದರವನ್ನು ತಗ್ಗಿಸುವುದೂ ಸಾಧ್ಯವೆಂದು ಅವರು ಇನ್ನೊಂದು ಪ್ರಕರಣದಲ್ಲಿ ಹೇಳಿದರು. ಆದರೆ ಅದಕ್ಕೊಂದು ತಳಗಟ್ಟನ್ನು ಹಾಕಿದರು. ಮನುಷ್ಯನು ಜೀವ ಹಿಡಿದುಕೊಂಡಿರಲು ಬೇಕಾದ ಕನಿಷ್ಠ ಕೂಲಿಗಿಂತ ಕೆಳಗೆ ಯಾವ ಧಣಿಯೂ ಇಳಿಯುವಂತಿಲ್ಲ. ಅಷ್ಟನ್ನೂ ಕೊಡಲಾರದ ಉದ್ಯಮಕ್ಕೆ ನಡೆಯುವ ಅಧಿಕಾರವೇ ಇಲ್ಲ. ವಿಶ್ವವಿದ್ಯಾಲಯವು ಉದ್ಯಮವೆ ಎಂಬ ಪ್ರಶ್ನೆ 1963ರಲ್ಲಿ ಬಂದಾಗ, ವಿದ್ಯಾದಾನವನ್ನು ಉದ್ಯಮವೆನ್ನಲಾಗದೆಂದು ಅವರೇ ತೀರ್ಪಿತ್ತರು. 1978ರ ಬೆಂಗಳೂರಿನ ಪ್ರಕರಣದಲ್ಲಿ ಅವರ ಆಸ್ಪತ್ರೆಯ ತೀರ್ಪು ಉಳಿದು, ಈ ತೀರ್ಪು ಅಳಿಯಿತು. ದೊಡ್ಡವರ ಮಾತೂ ಕಾಲದ ಪರೀಕ್ಷೆಗೆ ಒಳಪಡುತ್ತದೆಂಬುದಕ್ಕೆ ಇದೊಂದು ನಿದರ್ಶನ.

1964ರ ಫೆಬ್ರವರಿ 1ರಂದು ಗಜೇಂದ್ರಗಡಕರರು ಭಾರತದ ಏಳನೆಯ ಮುಖ್ಯ ನ್ಯಾಯಾಧೀಶರಾದರು. ಅದಕ್ಕೆ ಮುನ್ನ, 1962ರಲ್ಲಿ ಮೈಸೂರು ರಾಜ್ಯದ ಮೀಸಲಾತಿಯ ಪ್ರಕರಣದಲ್ಲಿ, ಶೇಕಡಾ 68ರಷ್ಟು ಸ್ಥಾನಗಳನ್ನು ಕಾದಿರಿಸಿದ್ದ ಆಜ್ಞೆಯನ್ನು ರದ್ದುಗೊಳಿಸಿ, ಸಾಮಾನ್ಯವಾಗಿ ಅದು ಶೇಕಡಾ 50ನ್ನು ಮೀರಬಾರದೆಂಬ ಮೇರೆಯನ್ನು ಸೂಚಿಸಿದ್ದರು. 1966ರ ಜನವರಿಯಲ್ಲಿ, ಗುಜರಾತಿನ ಸ್ವಾಮಿನಾರಾಯಣ ಪಂಥದ ದೇವಾಲಯಗಳಿಗೆ ಹರಿಜನರ ಪ್ರವೇಶದ ಹಕ್ಕನ್ನು ಎತ್ತಿಹಿಡಿದರು. ಸಂಸ್ಕೃತ ಪಂಡಿತರ ಮಗನ ಶಾಸ್ತ್ರಜ್ಞಾನ ಅಲ್ಲಿ ಮುಚ್ಚಿದ ಬಾಗಿಲನ್ನು ತೆರೆಯುವ ಬೀಗದಕೈಯಾಯಿತು. 1966ರ ಮಾರ್ಚ್ 15ರಂದು ಅವರು ಪೀಠದಿಂದ ನಿವೃತ್ತರಾದರು.

ಅರುವತ್ತೈದು ವರ್ಷ ತುಂಬಿದವರು ವಿಶ್ರಾಂತಿಯನ್ನು ಬಯಸುವುದು ಸಹಜ. ಅವರಿಗಾದರೋ ಅಂದಿನಿಂದಲೇ ಹೊಸ ಕಾರ್ಯಗಳು ಕಾದಿದ್ದವು. 1966ರಿಂದ 1971ರ ವರೆಗೆ ಮುಂಬಯಿ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದರು. ಕೇಂದ್ರ ಸರಕಾರಿ ನೌಕರರ ತುಟ್ಟಿಭತ್ಯೆಯ ಆಯೋಗಕ್ಕೆ ಅಧ್ಯಕ್ಷರಾಗಿ 1967ರಲ್ಲಿ ವರದಿಯನ್ನು ಕೊಟ್ಟರು. ಇವೆಲ್ಲಕ್ಕಿಂತ ಮಹತ್ತರವಾದುದು ರಾಷ್ಟ್ರೀಯ ಕಾರ್ಮಿಕ ಆಯೋಗದ ಅಧ್ಯಕ್ಷ ಪದವಿ.

ಬ್ರಿಟಿಷರ ಕಾಲದಲ್ಲಿ, 1929ರಲ್ಲಿ, ಕಾರ್ಮಿಕರ ಸ್ಥಿತಿಗತಿಗಳನ್ನು ವಿಚಾರಿಸಲು ರಾಯಲ್ ಕಮಿಷನ್ ಒಂದು ನೇಮಕವಾಗಿತ್ತು. ಸ್ವತಂತ್ರ ಭಾರತವು ಅಂತಹ ಸಮಗ್ರ ವಿಚಾರಣೆಯನ್ನು ಕೈಗೊಂಡಿರಲಿಲ್ಲ. 1966ರ ಡಿಸೆಂಬರಿನಲ್ಲಿ ಭಾರತ ಸರಕಾರವು ಆ ಕಾರ್ಯಕ್ಕೆಂದು ಗಜೇಂದ್ರಗಡಕರರ ಅಧ್ಯಕ್ಷತೆಯಲ್ಲಿ ಆಯೋಗವನ್ನು ರಚಿಸಿತು. ಧಣಿಗಳ ಪ್ರತಿನಿಧಿಗಳೂ ಕೆಲಸಗಾರರ ಪ್ರತಿನಿಧಿಗಳೂ ಯಾವ ಪಕ್ಷಕ್ಕೂ ಸೇರದ ತಜ್ಞರೂ ಅದರ ಸದಸ್ಯರು. ನ್ಯಾಯಾಲಯದಲ್ಲಿ ಎದುರುಬದುರಾಗಿ ನಿಲ್ಲುವವರನ್ನು ಇಲ್ಲಿ ಒಂದೇ ಮೇಜಿನ ಸುತ್ತ ಕೂರಿಸಿ, ಒಂದೇ ವರದಿಗೆ ಒಪ್ಪಿಸಬೇಕು! ತೀರ್ಪು ಬರೆಯುವವನಿಗೆ ತನ್ನ ಮನಸ್ಸು ನಿಶ್ಚಯವಾದರೆ ಸಾಕು. ಸಂಧಾನಕಾರನಿಗೆ ಹತ್ತು ಜನರ ಮನಸ್ಸು ಕೂಡಬೇಕು. ಸುಮಾರು ಎರಡೂವರೆ ವರ್ಷಗಳ ಶ್ರಮದ ಫಲವಾಗಿ, 300ರಷ್ಟು ಶಿಫಾರಸುಗಳುಳ್ಳ ವರದಿಯು 1969ರ ಆಗಸ್ಟಿನಲ್ಲಿ ಸಿದ್ಧವಾಯಿತು. ಅದೇ ತಿಂಗಳು, ಹದಿನೈದು ವರ್ಷಗಳ ಹಿಂದೆ ಬ್ಯಾಂಕು ನೌಕರರಿಗಾಗಿ ಮಂತ್ರಿಪದವಿಯನ್ನು ಬಿಟ್ಟುಕೊಟ್ಟಿದ್ದ ವಿ.ವಿ. ಗಿರಿಯವರು ರಾಷ್ಟ್ರಪತಿಗಳಾದರು.

ಆ ವರದಿಯ ಹೃದಯವೆಂದರೆ ಕೈಗಾರಿಕಾ ಸಂಬಂಧಗಳ ಆಯೋಗಗಳ ಸಲಹೆ. ಅಲ್ಲಿಯ ವರೆಗೆ ಯಾವ ವಿವಾದವನ್ನು ನ್ಯಾಯಮಂಡಳಿಗೆ ಒಪ್ಪಿಸಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಣಯ ಸರಕಾರದ ಕೈಯಲ್ಲಿತ್ತು. ಕೆಲವೆಡೆ ಸರಕಾರವೇ ಧಣಿ. ಕೆಲವೆಡೆ ಕಾರ್ಮಿಕ ಸಂಘವು ಆಳುವ ಪಕ್ಷಕ್ಕೆ ಸೇರಿದ್ದು. ಹೀಗಿರುವಾಗ ನಿಷ್ಪಕ್ಷಪಾತವಾದ ನ್ಯಾಯವೆಂತು ದೊರಕೀತು? ಆದುದರಿಂದ ಕೇಂದ್ರದಲ್ಲೊಂದು, ಪ್ರತಿಯೊಂದು ರಾಜ್ಯದಲ್ಲೊಂದು ಸ್ವತಂತ್ರ ಆಯೋಗವಿರಬೇಕು. ಸಂಧಾನವನ್ನೂ ತೀರ್ಪನ್ನೂ ಕಾರ್ಮಿಕ ಸಂಘಗಳ ಮನ್ನಣೆಯನ್ನೂ ಅದೇ ನೋಡಿಕೊಳ್ಳಬೇಕು ಎಂದು ವರದಿಯು ಹೇಳಿತು. 100 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ಸಂಘಕ್ಕೆ ಮನ್ನಣೆಯನ್ನು ಕಡ್ಡಾಯವಾಗಿ ಕೊಡಬೇಕು. ಅದಕ್ಕೆ ಕೆಲಸಗಾರರಲ್ಲಿ ಶೇಕಡಾ 30ರಷ್ಟಾದರೂ ಸದಸ್ಯರಾಗಿರಬೇಕು ಎಂದು ಸೂಚಿಸಿತು. ಮೊದಲ ಹೆಜ್ಜೆ ಮಾತುಕತೆಯದಾಗಿರಬೇಕು; ನ್ಯಾಯಾಲಯದ ಬಾಗಿಲನ್ನು ಬಡಿಯುವುದು ಕೊನೆಯ ಹೆಜ್ಜೆಯಾಗಿರಬೇಕು ಎಂಬ ದೃಷ್ಟಿ ಅದರಲ್ಲಿ ಕಾಣುತ್ತದೆ. ಸಂಘವಿಲ್ಲದ, ಹಾಜರಿಪುಸ್ತಕವಿಲ್ಲದ, ಕಟ್ಟಡಗಳಲ್ಲಿಯೂ ಸಣ್ಣ ಕಸಬುಗಳಲ್ಲಿಯೂ ದುಡಿಯುವ ಅಸಂಘಟಿತರ ಕಷ್ಟವನ್ನೂ ವರದಿಯು ಮರೆಯಲಿಲ್ಲ.

ವರದಿಯು ಬಂದುದೇನೋ ಸರಿ. ಅದರ ಮುಖ್ಯ ಸಲಹೆ ಮಾತ್ರ ನಡೆಯಲಿಲ್ಲ. ಯಾವ ಸಂಘಕ್ಕೆ ಬಹುಮತವಿದೆಯೆಂಬುದನ್ನು ಸದಸ್ಯರ ವಂತಿಗೆಯ ಪುಸ್ತಕದಿಂದ ತಿಳಿಯಬೇಕೆಂದು ಕೆಲವು ಸಂಘಗಳು, ಗುಪ್ತ ಮತದಾನದಿಂದ ತಿಳಿಯಬೇಕೆಂದು ಬೇರೆ ಕೆಲವು ಸಂಘಗಳು ವಾದಿಸಿದವು. ಒಮ್ಮತವು ಮೂಡಲಿಲ್ಲ. 1978ರಲ್ಲಿ ಸಂಸತ್ತಿನ ಮುಂದೆ ಬಂದ ಮಸೂದೆಯೂ ಬಿದ್ದುಹೋಯಿತು. ಎರಡನೆಯ ರಾಷ್ಟ್ರೀಯ ಕಾರ್ಮಿಕ ಆಯೋಗವು 2002ರಲ್ಲಿ ವರದಿಯನ್ನು ಕೊಟ್ಟಿತು. 2020ರಲ್ಲಿ ಸಂಸತ್ತು ಅಂಗೀಕರಿಸಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು 1947ರ ಹಳೆಯ ಕಾಯಿದೆಯ ಸ್ಥಾನವನ್ನು ಪಡೆಯಿತು. ಧಣಿಯೊಡನೆ ಮಾತನಾಡುವ ಸಂಘಕ್ಕೆ ಕಾಯಿದೆಯ ಮನ್ನಣೆಯಿರಬೇಕೆಂಬ ತತ್ತ್ವವು ಆ ಸಂಹಿತೆಯಲ್ಲಿ ಸೇರಿತು. ಗಜೇಂದ್ರಗಡಕರರ ಆಯೋಗ ಅದನ್ನು ಹೇಳಿ ಅಷ್ಟರಲ್ಲಿ ಐವತ್ತು ವರ್ಷಗಳು ಮೀರಿದ್ದವು.

ಆ ವರದಿ ಬಂದ 1969ರಲ್ಲಿಯೇ ನಮ್ಮ ಮಹಾರಾಷ್ಟ್ರದಲ್ಲಿ ಮಾಥಾಡಿಗಳ ಮತ್ತು ಹಮಾಲರ ಕಾಯಿದೆಯೂ ಆಯಿತು. ಇಂದು ಈ ಗೋದಾಮು, ನಾಳೆ ಆ ಗೋದಾಮು ಎಂದು ಅಲೆಯುತ್ತ ಭಾರ ಹೊರುವವರಿಗೆ ಗೊತ್ತಾದ ಧಣಿಯೇ ಇರುವುದಿಲ್ಲ. ಅಂತಹವರ ಹೆಸರನ್ನು ಮಂಡಳಿಯಲ್ಲಿ ದಾಖಲು ಮಾಡಿ, ವ್ಯಾಪಾರಿಗಳಿಂದ ಕೂಲಿಯನ್ನೂ ಕಲ್ಯಾಣ ನಿಧಿಯ ಹಣವನ್ನೂ ಮಂಡಳಿಯೇ ವಸೂಲು ಮಾಡಿ ಕೆಲಸಗಾರರಿಗೆ ಸಲ್ಲಿಸುವ ವ್ಯವಸ್ಥೆ ಅದರಿಂದ ಬಂದಿತು. ಅದು ಮಾಥಾಡಿಗಳ ಹೋರಾಟದ ಫಲವೇ ಹೊರತು ಆಯೋಗದ ವರದಿಯ ಫಲವಲ್ಲ. ಆದರೂ ಎರಡರ ಹಿಂದೆ ಇದ್ದ ಪ್ರಶ್ನೆ ಒಂದೇ: ಯಾರ ಹೆಸರೂ ಯಾವ ಪುಸ್ತಕದಲ್ಲಿಯೂ ಇಲ್ಲವೋ ಅವರಿಗೆ ನ್ಯಾಯ ಸಿಕ್ಕುವುದು ಹೇಗೆ?

1971ರಿಂದ 1977ರ ವರೆಗೆ ಗಜೇಂದ್ರಗಡಕರರು ಕೇಂದ್ರ ಕಾನೂನು ಆಯೋಗದ ಅಧ್ಯಕ್ಷರಾಗಿದ್ದರು. 1972ರಲ್ಲಿ ಭಾರತ ಸರಕಾರವು ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತು ಅವರನ್ನು ಗೌರವಿಸಿತು. 1981ರ ಜೂನ್ 12ರಂದು, ಎಂಬತ್ತು ವರ್ಷಗಳ ತುಂಬು ಬಾಳನ್ನು ಮುಗಿಸಿ, ಅವರು ಮುಂಬಯಿಯಲ್ಲಿ ದಿವಂಗತರಾದರು. ಅವರ ಆತ್ಮಕಥೆಯು 1983ರಲ್ಲಿ ಪ್ರಕಟವಾಯಿತು.

ವಿದ್ಯಾರ್ಥಿ ಮಿತ್ರರೇ, ಗಜೇಂದ್ರಗಡಕರರು ಮುಷ್ಕರವನ್ನು ನಡೆಸಿದವರಲ್ಲ. ಮೆರವಣಿಗೆಯಲ್ಲಿ ಧ್ವಜವನ್ನು ಹಿಡಿದವರೂ ಅಲ್ಲ. ಅವರ ಆಯುಧ ವ್ಯಾಸಂಗ. ಅವರ ರಣರಂಗ ಲೆಕ್ಕದ ಪುಸ್ತಕ ಮತ್ತು ಕಾಯಿದೆಯ ಪುಟ. ಎದುರಿಗೆ ನಿಂತವನು ಗಿರಣಿಯ ಧಣಿಯಾಗಲಿ, ಆಸ್ಪತ್ರೆಯ ಸೇವಕನಾಗಲಿ, ಇಬ್ಬರ ಮಾತನ್ನೂ ಸಮನಾಗಿ ಕೇಳಿ, ಲೆಕ್ಕವನ್ನು ತಾವೇ ಹಾಕಿ ನೋಡಿ, ಆ ಬಳಿಕ ಬರೆಯುವುದು ಅವರ ಕ್ರಮವಾಗಿದ್ದಿತು. ಸಂಸ್ಕೃತದ ಪಾಠಶಾಲೆಯಂತಹ ಮನೆಯಿಂದ ಬಂದವರು ಯಂತ್ರದ ಸವಕಳಿಯನ್ನೂ ತೈಲದ ಕಾರ್ಖಾನೆಯ ಕಸಗುಡಿಸುವ ಕೆಲಸವನ್ನೂ ಅರಿಯುವುದಕ್ಕೆ ಹಿಂಜರಿಯಲಿಲ್ಲ. ಅವರ ದೊಡ್ಡ ಸಲಹೆಯೊಂದು ಅವರ ಜೀವಮಾನದಲ್ಲಿ ಕೈಗೂಡಲಿಲ್ಲವೆಂಬುದೂ ನಿಜ. ಆದರೆ ಬಿತ್ತಿದವನೇ ಉಣ್ಣಬೇಕೆಂಬ ನಿಯಮವೇನೂ ಇಲ್ಲ.

ಸಂಜೆ ಶಾಲೆಯಿಂದ ಮನೆಗೆ ಮರಳುವಾಗ ಉಕ್ಕಿನ ಮಾರುಕಟ್ಟೆಯ ಕಡೆಯಿಂದ ಹೆಗಲಿಗೆ ಟವೆಲು ಹಾಕಿಕೊಂಡು ದಣಿದು ಬರುವವರನ್ನು ನೀವು ಕಾಣುವಿರಿ. ಅವರಲ್ಲಿ ನಿಮ್ಮಲ್ಲೊಬ್ಬರ ತಂದೆಯೋ ಕಾಕಾನೋ ಮಾವನೋ ಇರಬಹುದು. ಅವರ ಕೈಗೆ ಬಂದ ಕೂಲಿಯ ಹಿಂದೆ ಎಷ್ಟು ಜನರ ಹೋರಾಟವೂ ಎಷ್ಟು ಜನರ ವಿಚಾರವೂ ಇದೆಯೆಂಬುದನ್ನು ನೆನೆಯಿರಿ. ನಾಳೆ ನಿಮ್ಮಲ್ಲಿ ಯಾರಾದರೂ ವಕೀಲರೋ ಕಾರ್ಮಿಕ ಅಧಿಕಾರಿಗಳೋ ಆದರೆ, ಊರ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತು ನಡೆದ ಈ ನ್ಯಾಯಮೂರ್ತಿಗಳ ಕ್ರಮವನ್ನು ಮರೆಯದಿರಿ. ತೀರ್ಪನ್ನು ಹೇಳುವ ಮೊದಲು ಎರಡೂ ಕಡೆಯವರ ಮಾತನ್ನು ಕೇಳಿರಿ.